ಎದೆನೋವೆಂದು ಬರೆಸಿದ ಸಾವು

ಕಾಲುವೆ ನೀರು ಬಂದ ಮೇಲೆ ಬೆಳೆದ ಊರು ಅದು. ಆ ಊರಿನಲ್ಲೊಬ್ಬ ಸಾಹುಕಾರ, ಅಕ್ಕಿ ಗಿರಣಿಯ ಮಾಲೀಕ. ಇಷ್ಟು ಹೇಳಿದ ಕೂಡಲೇ ನಿಮ್ಮ ಮನಸ್ಸಿನಲ್ಲಿ ಒಬ್ಬ ಕೆಟ್ಟ ಮನುಷ್ಯ ಬಂದು ಕೂತಿರಬೇಕು. ಅವನನ್ನು ಎಬ್ಬಿಸಿ ಕಳಿಸಿ. ನಮ್ಮ ಸಾಹುಕಾರ ಅಂಥವನಲ್ಲ. ಮಠದ ದಾಸೋಹಕ್ಕೆ ಅಕ್ಕಿ ಅವನದೇ. ಹಮಾಲರ ಮನೆಯ ಮದುವೆಗೆ ತಪ್ಪದೆ ಹೋಗಿ, ಪಂಕ್ತಿಯಲ್ಲಿ ಕೂತು ಉಂಡು ಬರುತ್ತಿದ್ದ. ಒಂದು ಕೆಲಸ ಮಾತ್ರ ಅವನಿಂದ ಆಗಿರಲಿಲ್ಲ. ಗಿರಣಿಯ ಬೆಲ್ಟಿಗೆ ಅಡ್ಡ ಇರಬೇಕಾದ ಜಾಳಿಗೆ ಕಿತ್ತುಹೋಗಿತ್ತು, ಅದನ್ನು ಮತ್ತೆ ಹಾಕಿಸಿರಲಿಲ್ಲ. ನೋಡಿ, ಹಾಕಿಸಬಾರದು ಎಂದಲ್ಲ. ಸುಗ್ಗಿ ಮುಗಿಯಲಿ ಎಂದು.

ಕಥೆ ಸಾಹುಕಾರನದೂ ಅಲ್ಲ. ಅವನ ಗಿರಣಿಯಲ್ಲಿ ದುಡಿಯುತ್ತಿದ್ದ ಅಣ್ಣತಮ್ಮಂದಿರದು. ಅಣ್ಣ ಚನ್ನವೀರಪ್ಪ ಭತ್ತದ ಚೀಲ ತೂಗಿಸುತ್ತಿದ್ದ, ತಮ್ಮ ದುಂಡಪ್ಪ ಮಷಿನ್ ನೋಡಿಕೊಳ್ಳುತ್ತಿದ್ದ. ಚನ್ನವೀರಪ್ಪ ಲಿಂಗಪೂಜೆ ಆಗದೆ ನೀರು ಮುಟ್ಟುವವನಲ್ಲ. ಅಂಜುಬುರುಕ. ಬೀದಿಯಲ್ಲಿ ಯಾರಿಗಾದರೂ ಒಂದು ಮಾತು ಹೇಳಿದರೆ, ಅದು ಸರಿಯಾಯಿತೋ ಇಲ್ಲವೋ ಎಂದು ಮನೆಗೆ ಬಂದ ಮೇಲೂ ಚಿಂತಿಸುವವನು.

ಒಂದು ಮುಂಜಾನೆ ಮಷಿನ್ನಿನಲ್ಲಿ ಭತ್ತ ಸಿಕ್ಕಿಕೊಂಡಿತು. ದುಂಡಪ್ಪ ಬಿಡಿಸಲು ಬಗ್ಗಿದ. ಕೊರಳಲ್ಲಿದ್ದ ಟವೆಲ್ ಬೆಲ್ಟಿಗೆ ಸಿಕ್ಕಿತು. ಚನ್ನವೀರಪ್ಪ ಕಣ್ಣಾರೆ ಕಂಡ, ಕೂಗಿದ, ಓಡಿದ. ಕರೆಂಟು ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇದಕ್ಕಿಂತ ಹೆಚ್ಚು ವರ್ಣಿಸುವುದು ಬೇಡ.

ಸಾಹುಕಾರ ಓಡಿ ಬಂದು ನೆಲದ ಮೇಲೇ ಕೂತು ಅತ್ತ. ಆ ಅಳು ಸುಳ್ಳಲ್ಲ. ಅತ್ತು ಮುಗಿದ ಮೇಲೆ ಮೆಲ್ಲಗೆ ಹೇಳಿದ: "ನೋಡಪಾ ಚನ್ನವೀರಪ್ಪ, ಪೊಲೀಸ್ರಿಗೆ ಹೇಳಿದ್ರ ಪಂಚನಾಮಿ ಮಾಡ್ತಾರ. ಆಮ್ಯಾಲ ದವಾಖಾನಿಗೆ ಒಯ್ದು ಕೊಯ್ತಾರ. ನಿನ್ನ ತಮ್ಮ, ನೀ ಹೇಳಿದಂಗ."

ಅಷ್ಟರಲ್ಲಿ ಹಿರಿಯರು ಕೂಡಿದ್ದರು. ಅವರಲ್ಲೊಬ್ಬರು, "ಕೊಯ್ದ ದೇಹಾನ ಸಮಾಧ್ಯಾಗ ಹೆಂಗ ಕೂಡಸ್ತೀಯೋ? ಅಂಗೈಯಾಗ ಲಿಂಗ ಹೆಂಗ ಇಡ್ತೀ?" ಎಂದರು.

ಈ ಮಾತು ಚನ್ನವೀರಪ್ಪನ ಎದೆಗೆ ಹೋಗಿ ನಾಟಿತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲವಲ್ಲ, ಪೂಜೆಗೆ ಕೂತವರ ಹಾಗೆ ಕೂಡಿಸುತ್ತೇವೆ. ತಮ್ಮ ಇಡಿಯಾಗಿ ಕೂರಲಿ, ಅಷ್ಟೇ ಸಾಕು ಎನಿಸಿತು ಅವನಿಗೆ. ಕೇಳಿದವರಿಗೆ, "ಎದಿನೋವು ಬಂದಿತ್ತು ಅಂತ ಬರಸ್ರಿ" ಎಂದ. ಪಂಚಾಯಿತಿಯಲ್ಲಿ ಹಾಗೆಯೇ ಬರೆಸಿ, ತಾನೇ ಸಹಿ ಮಾಡಿದ.

ದುಂಡಪ್ಪನ ಹೆಂಡತಿ ಗುರುಬಸವ್ವ ಸಣ್ಣ ಮಗಳನ್ನು ಎತ್ತಿಕೊಂಡು ಹೊಲದಿಂದ ಬರುವ ಹೊತ್ತಿಗೆ ದೇಹವನ್ನು ತೊಳೆದು ಶೃಂಗರಿಸಿ ಕೂಡಿಸಿದ್ದರು. ಆಕೆ ನೋಡಿದಳು. "ಬಾವಾರ, ಕೊರಳಿಗೆ ಯಾಕ ಇಷ್ಟು ಬಟ್ಟಿ ಸುತ್ತೀರಿ?"

"ಸುಮ್ಕಿರು ತಂಗಿ. ಶಿವನ ಇಚ್ಛಾ."

ನೋಡಿ, ಬೆಲ್ಟಿನ ಕೆಲಸವನ್ನು ತಂದು ಶಿವನ ತಲೆಗೆ ಕಟ್ಟಿದೆವು. ಎಷ್ಟು ಸುಲಭ ಅಲ್ಲವೇ?

ಸಾಹುಕಾರ, "ನಿನ್ನ ಮನಿ ಇನ್ನ ನಂದ ಅಂತ ತಿಳಿ" ಎಂದ. ಕೆಲವು ಕಾಲ ಹಾಗೆಯೇ ನಡೆದುಕೊಂಡ. ಆಮೇಲೆ ಗುರುಬಸವ್ವ ಖರ್ಚಿನ ದುಡ್ಡಿಗೆ ಗಿರಣಿಯ ಬಾಗಿಲಿಗೆ ಹೋಗಿ ನಿಲ್ಲಬೇಕಾಯಿತು. ಗುಮಾಸ್ತ, "ಸಾಹುಕಾರ್ರು ಊಟಕ್ಕ ಕುಂತಾರ, ತಡಿಯವ್ವಾ" ಎನ್ನುತ್ತಿದ್ದ. ಒಮ್ಮೊಮ್ಮೆ ಆ ಊಟ ಸಂಜೆಯವರೆಗೂ ನಡೆಯುತ್ತಿತ್ತು. ಕಡೆಗೊಂದು ದಿನ ಆಕೆ ಸಾಹುಕಾರನ ಮುಂದೆಯೇ ಕೇಳಿದಳು: "ಸಾಹುಕಾರ್ರ, ನೀವು ಕೊಡೂದು ಭಿಕ್ಷಾನೋ, ನನಗ ಬರಬೇಕಾದದ್ದೋ? ಅದನ್ನರ ಹೇಳ್ರಿ, ಹಂಗ ನಿಲ್ತೀನಿ."

"ಧರ್ಮಕ್ಕ ಕೊಡ್ತೀನಿ, ತಂಗಿ. ಎದಿನೋವಿಗೆ ನಾ ಏನ ಮಾಡ್ಲಿ?"

ಆಕೆ ತಾಲೂಕಿಗೆ ಹೋಗಿ ವಕೀಲಮ್ಮನನ್ನು ಕಂಡಳು. ವಕೀಲಮ್ಮ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕಾನೂನು ಓದಿದವನಲ್ಲ ನಾನು, ತಪ್ಪಿದ್ದರೆ ಬಲ್ಲವರು ತಿದ್ದಬೇಕು. ಕೆಲಸ ಮಾಡುವಾಗ, ಆ ಕೆಲಸದಿಂದಲೇ ಒಬ್ಬ ಸತ್ತರೆ, ಅವನನ್ನು ನಂಬಿಕೊಂಡವರಿಗೆ ಪರಿಹಾರ ಬರಬೇಕು. ಅದು ಮಾಲೀಕನ ದಯೆಯಲ್ಲ. ಅವನು ಕೆಟ್ಟವನೆಂದು ತೋರಿಸಲೂ ಬೇಕಾಗಿಲ್ಲ. ಕೆಲಸದಿಂದಲೇ ಸತ್ತ ಎಂಬುದನ್ನು ತೋರಿಸಬೇಕು. ಅವಧಿಯೊಳಗೆ ಕೇಳಬೇಕು.

"ಎದೆನೋವು ಮನೆಯಲ್ಲಿ ಕೂತವರಿಗೂ ಬರುತ್ತಲ್ಲಮ್ಮ" ಎಂದಳು ವಕೀಲಮ್ಮ. "ಮಷಿನ್ನಿಂದ ಸತ್ತರು ಅನ್ನೋದನ್ನು ಯಾರು ಹೇಳ್ತಾರೆ?"

ಗುರುಬಸವ್ವ ನೇರವಾಗಿ ಬಾವನ ಮನೆಗೆ ಬಂದಳು. ಬಟ್ಟೆ ಸುತ್ತಿದ ಕೊರಳನ್ನು ಆಕೆ ಮರೆತಿರಲಿಲ್ಲ. ಚನ್ನವೀರಪ್ಪನಿಗೂ ಆ ಸುಳ್ಳು ಹೊತ್ತು ಸಾಕಾಗಿತ್ತು. ಕಂಡದ್ದನ್ನೆಲ್ಲ ಹೇಳಿಬಿಟ್ಟ. ಆಕೆ ಬೈಯಲಿಲ್ಲ. "ಇದನ್ನ ಕೋರ್ಟಿನಾಗ ಹೇಳ್ತೀರಿ?" ಎಂದಳು.

"ಹೇಳ್ತೀನಿ. ಕೆಲಸ ಹೋದ್ರೂ ಹೇಳ್ತೀನಿ."

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಿತ್ತು. ಪಶ್ಚಾತ್ತಾಪವಾಯಿತು, ಬಾಯಿ ಬಿಟ್ಟ, ಇನ್ನೇನು? ಆದರೆ ಇಬ್ಬರೂ ತಾಲೂಕಿಗೆ ಹೋದಾಗ ವಕೀಲಮ್ಮ ಅಡ್ಡಡ್ಡ ತಲೆ ಆಡಿಸಿದಳು. "ಯಜಮಾನರೇ, ಎದೆನೋವು ಅಂತ ಸಹಿ ಹಾಕಿದವರೂ ನೀವೇ, ಬೆಲ್ಟು ಅನ್ನೋರೂ ನೀವೇ. ಮೇಲಾಗಿ ಸತ್ತವರ ಅಣ್ಣ. ಪರಿಹಾರದ ಆಸೆಗೆ ಮಾತು ಬದಲಿಸಿದರು ಅಂತಾರೆ. ನೀವು ಹೇಳಲೇಬೇಕು, ಆದರೆ ಅದೊಂದೇ ಸಾಲದು."

ಬೇರೆ ಸಾಕ್ಷಿ ಬೇಕು. ಗಿರಣಿಯಲ್ಲಿ ಅಂದು ಬೇಕಾದಷ್ಟು ಜನ ಇದ್ದರು. ಚನ್ನವೀರಪ್ಪ ಮನೆಮನೆಗೆ ಹೋದ. ಒಬ್ಬ, "ಅಣ್ಣಾರ, ನಾ ಆಗ ಹಿತ್ತಲದಾಗ ಇದ್ದೆ" ಎಂದ. ಇನ್ನೊಬ್ಬನೂ ಹಿತ್ತಲಲ್ಲಿ. ಮತ್ತೊಬ್ಬನೂ ಹಿತ್ತಲಲ್ಲಿ. ಎಲ್ಲರೂ ಹಿತ್ತಲಲ್ಲಿದ್ದರೆ ಗಿರಣಿ ನಡೆಸುತ್ತಿದ್ದವರು ಯಾರು, ಹೇಳಿ? ಕೊಯ್ದ ದೇಹವನ್ನು ಹೇಗೆ ಕೂಡಿಸುತ್ತೀ ಎಂದಿದ್ದ ಹಿರಿಯರ ಕಾಲಿಗೂ ಬಿದ್ದ. ಅವರು, "ನಾ ಬಂದಾಗ ಅಂವ ಆಗಲೇ ಹೋಗಿದ್ದನಪಾ. ಹೆಂಗ ಹೋದ ಅಂತ ಶಿವನಿಗೇ ಗೊತ್ತು" ಎಂದರು. ಕೊಯ್ಯಬಾರದೆಂದು ಗೊತ್ತಿದ್ದವರಿಗೆ ಸತ್ತದ್ದು ಹೇಗೆಂದು ಗೊತ್ತಿರಲಿಲ್ಲ!

ಉಳಿದದ್ದು ಒಂದೇ ಸಾಕ್ಷಿ. ಅದನ್ನು ಚನ್ನವೀರಪ್ಪನೇ ಮಣ್ಣಿನಲ್ಲಿ ಕೂಡಿಸಿ ಬಂದಿದ್ದ.

ಸಮಾಧಿ ತೆಗೆಸಬೇಕೆಂದು ಗುರುಬಸವ್ವ ಅರ್ಜಿ ಕೊಟ್ಟಳು. ಊರು ಹೊತ್ತಿ ಉರಿಯಿತು. "ಗಂಡನ ಎಲುಬು ಮಾರಾಕ ಹೊಂಟಾಳ" ಎಂದರು. ನೀರಿನ ನಲ್ಲಿಯ ಹತ್ತಿರ ಆಕೆಯ ಕೊಡ ತಾಗದಂತೆ ತಮ್ಮ ಕೊಡ ಸರಿಸಿಕೊಂಡರು. ಚನ್ನವೀರಪ್ಪ ಅಂಗಲಾಚಿದ: "ಬ್ಯಾಡ ತಂಗಿ. ನನ್ನ ಪಾಲಿನ ಹೊಲ ನಿನ್ನ ಹೆಸರಿಗೆ ಬರದು ಕೊಡ್ತೀನಿ. ಅಂವನ್ನ ಎಬ್ಬಸಬ್ಯಾಡ."

"ನಿಮ್ಮ ಮಕ್ಕಳ ಹೊಲ ನನಗ್ಯಾಕ, ಬಾವಾರ? ಅಂವ ದುಡಕೋಂತ ಸತ್ತಾನ. ಎದಿ ಹಿಡಕೊಂಡು ಸತ್ತಿಲ್ಲ. ನನ್ನ ಮಗಳು ನಾಳೆ ಕೇಳಿದ್ರ ಏನ ಹೇಳ್ಲಿ?"

ಅಧಿಕಾರಿ, ಡಾಕ್ಟರು, ಪೊಲೀಸರು ಬಂದರು. ಜಾಗ ತೋರಿಸಲು ಮನೆಯವರೊಬ್ಬರು ಬೇಕೆಂದರು. ಚನ್ನವೀರಪ್ಪ ತೋರಿಸಿದ. ಗುದ್ದಲಿಯವರು ಹಿಂಜರಿದಾಗ ಮೊದಲ ಮಣ್ಣನ್ನು ತಾನೇ ತೆಗೆದ. ಕೊರಳಿನ ಎಲುಬು, ಭುಜದ ಎಲುಬು ಮುರಿದಿದ್ದವು. ಡಾಕ್ಟರು ಅದನ್ನೇ ಬರೆದರು. ಬದುಕಿದ್ದವರು ಅಷ್ಟು ಜನ ಇದ್ದೂ ಸತ್ತವನೇ ಎದ್ದು ಬಂದು ಸಾಕ್ಷಿ ಹೇಳಬೇಕಾಯಿತು.

ಬಿಡಿ ಎಲುಬುಗಳಿಗೆ ಜಂಗಮರು ವಿಭೂತಿ ಹಚ್ಚಿ, ಪತ್ರೆ ಏರಿಸಿ, ಸಮಾಧಿಯೊಳಗಿನ ಅದೇ ಗೂಡಿನಲ್ಲಿಟ್ಟು ಕ್ರಿಯೆ ಮುಗಿಸಿದರು. ಇಡಿಯಾಗಿಲ್ಲದ ದೇಹಕ್ಕೆ ಕ್ರಿಯೆ ಆಗುವುದೇ ಇಲ್ಲವೆಂದು ಅಣ್ಣ ಹೆದರಿದ್ದ, ಅದು ಆಯಿತು, ಯಾರೂ ಅಡ್ಡಿ ಮಾಡಲಿಲ್ಲ. ಚನ್ನವೀರಪ್ಪ ಕೈಗೆ ಹತ್ತಿದ ಮಣ್ಣು ನೋಡುತ್ತ, "ಕತ್ತಿ ತಪ್ಪಸಾಕ ಹೋಗಿ ಗುದ್ದಲಿ ತಂದೆನವ್ವಾ" ಎಂದ. ಗುರುಬಸವ್ವ ಸಮಾಧಾನ ಹೇಳಲಿಲ್ಲ. "ಹೂಂ, ಬಾವಾರ" ಎಂದಳು, ಅಷ್ಟೇ.

ತಡವಾಗಿ ಆದರೂ ಕೋರ್ಟು ಆಕೆಯ ಪರವಾಗಿ ಹೇಳಿತು. ಪರಿಹಾರ ಬಂತು. ಗಿರಣಿಯ ಬೆಲ್ಟಿಗೆ ಜಾಳಿಗೆಯೂ ಬಂತು.

ಈಗ ನಿಮ್ಮ ಕಡೆ ತಿರುಗುತ್ತೇನೆ. ಈ ಕಥೆಯಲ್ಲಿ ನೀವು ಯಾರು? ಸಾಹುಕಾರ ಅಲ್ಲ, ಸರಿ. ಹಿತ್ತಲಲ್ಲಿ ಇದ್ದವರಲ್ಲಿ ಒಬ್ಬರೇ? ನಲ್ಲಿಯ ಹತ್ತಿರ ಕೊಡ ಸರಿಸಿದವರೇ? ಅಥವಾ ಪ್ರೀತಿಯಿಂದಲೇ ಸುಳ್ಳು ಹೇಳಿದ ಆ ಅಣ್ಣನೇ? ಕೊಯ್ದ ದೇಹಕ್ಕೆ ಸಮಾಧಿ ಇಲ್ಲವೆಂದು ಯಾರು ಹೇಳಿದರು? ನಾನು ಹುಡುಕಿದ್ದೇನೆ, ನನಗೆ ಸಿಕ್ಕಿಲ್ಲ. ಸಿಕ್ಕವರು ತಂದು ತೋರಿಸಿ. ಲಿಂಗೈಕ್ಯನಾದವನಿಗೆ ದೇಹದ ಹಂಗಿಲ್ಲ ಎಂದು ನಾವೇ ಹೇಳುತ್ತೇವೆ. ಹಂಗು ನಮ್ಮದು, ಅದನ್ನು ಸತ್ತವನ ಮೇಲೆ ಹೊರಿಸುತ್ತೇವೆ.

ಕೆಲಸದ ಜಾಗದಲ್ಲಿ, ರಸ್ತೆಯಲ್ಲಿ, ಎಲ್ಲೇ ಒಂದು ಸಾವು ಕಂಡರೆ ಮಣ್ಣಿಗೆ ಅವಸರ ಮಾಡಬೇಡಿ. ಪೊಲೀಸರಿಗೆ ತಿಳಿಸಿ. ಡಾಕ್ಟರು ಪರೀಕ್ಷಿಸಬೇಕೆಂದರೆ ಅಡ್ಡ ನಿಲ್ಲಬೇಡಿ. ನೀವು ಆ ಮನೆಯ ಹಿರಿಯರಾಗಿದ್ದರೆ, ಸಹಿ ಮಾಡುವ ಮೊದಲು ಸತ್ತವನ ಹೆಂಡತಿಗೆ ನಿಜ ಹೇಳಿ, ಬಲ್ಲವರ ಹತ್ತಿರ ಕರೆದುಕೊಂಡು ಹೋಗಿ. ಪರಿಹಾರ ಕೇಳುವ ಹೆಣ್ಣಿಗೆ ಹೆಣ ಮಾರುವವಳು ಎನ್ನಬೇಡಿ. ದುಡಿದು ಹಾಕುವವನು ಹೋದ ಮೇಲೆ ಒಲೆ ಹೊತ್ತಿಸಬೇಕಾದವಳು ಅವಳು.

ನೀವು ಕಣ್ಣಾರೆ ಕಂಡಿದ್ದರೆ, ಕಂಡೆ ಎನ್ನಿ. ಅಂದೇ ಎನ್ನಿ, ಕೇಳಿದವರ ಮುಂದೆ ಎನ್ನಿ. ಮೊದಲು ಸುಳ್ಳು ಹೇಳಿದ ಬಾಯಿ ಆಮೇಲೆ ನಿಜ ಹೇಳಿದರೂ ಅದಕ್ಕೆ ತೂಕ ಬರುವುದಿಲ್ಲ. ಆಗ ಪಾಪ, ಮಣ್ಣಿನೊಳಗೆ ಕೂತವನನ್ನೇ ಎಬ್ಬಿಸಬೇಕಾಗುತ್ತದೆ.