ಕೊರಳಿನವರೆಗೆ ಗುಂಡಿ

ಏಳಬೇಡಿ ಮೇಡಮ್ಮ, ಕೂತ್ಕೊಳ್ಳಿ. ಆ ಬಿಳಿ ಕೋಟು ಮಾತ್ರ ಬಿಚ್ಚಿ ಇಲ್ಲಿ ಕೊಡಿ. ಗುಂಡಿ ಒಂದೇ ಎಳೆ ದಾರದಲ್ಲಿ ನೇತಾಡ್ತಿದೆ. ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದವನು ನಾನು, ಇದನ್ನ ನೋಡ್ಕೊಂಡು ಸುಮ್ಮನೆ ಕೂರೋಕಾಗಲ್ಲ. ಸೂಜಿನಾ? ಇಗೋ, ಕಾಲರ್ ಒಳಗೆ ಸದಾ ಚುಚ್ಚಿಟ್ಟಿರ್ತೀನಿ. ದಾರ ಜೇಬಲ್ಲಿದೆ. ನೀವು ಹೇಳೋದು ಹೇಳಿ, ನಾನು ದಾರ ಪೋಣಿಸ್ತಾ ಕೇಳ್ತೀನಿ.

ಹೂಂ... ಹೂಂ. ಅರ್ಥವಾಯ್ತು. ಕಾಗದ ಓದೋಕೆ ಬರದಿದ್ರೂ ಕಿವಿ ನೆಟ್ಟಗಿದೆ. ಮಾತು ಕಲಿಸೋರು, ಕಾಲಿಗೆ ವ್ಯಾಯಾಮ ಮಾಡಿಸೋರು, ಮನಸ್ಸಿನ ಡಾಕ್ಟರು, ಮನೆ ವಿಚಾರ ಕೇಳೋ ಆಯಮ್ಮ, ಕೈಗೆ ಕೆಲಸ ಕಲಿಸೋ ನೀವು. ಐದೂ ಜನ ಮೇಜಿನ ಸುತ್ತ ಕೂತು ತೀರ್ಮಾನ ಮಾಡಿದ್ದೀರಿ. ನನ್ನ ಮಗನಿಗೆ ಅಂಗಿ ಗುಂಡಿ ಹಾಕ್ಕೊಳ್ಳೋದು ಬಂದುಬಿಟ್ಟಿದೆ. ಅದಕ್ಕೇ ಈ ತಿಂಗಳ ಕೊನೆಗೆ ನಿಮ್ಮ ಕ್ಲಾಸು ಬಿಡಿಸಿ, ಕಾಯ್ತಿರೋ ಇನ್ನೊಬ್ಬರಿಗೆ ಆ ಜಾಗ ಕೊಡ್ತೀರಿ. ನ್ಯಾಯವೇ. ನಾನು ಅನ್ಯಾಯ ಅಂದೆನಾ?

ಬಿಡಿಸಬೇಡಿ ಅಂತ ಹೇಳೋಕೆ ಬಂದೆ, ಅಷ್ಟೇ.

ಯಾಕೆ ಅಂದ್ರೆ... ತಡೀರಿ. ನಿಮ್ಮ ರೂಮಲ್ಲಿ ಬೆಳಕು ಸಾಲದು. ಲೈಟು ಹತ್ತಿರ ಎಳೀರಿ ಸ್ವಲ್ಪ. ಹಾಂ. ಒಂದು ಸಲ ರೈಲಲ್ಲಿ ಹೋಗ್ತಿದ್ದೆ. ಎದುರಿಗೆ ಮದುಮಗ, ತಾಳಿ ಕಟ್ಟೋಕೆ ಹೊರಟವನು, ಪ್ಯಾಂಟು ಹರಿದುಕೊಂಡು ಅಳ್ತಾ ಕೂತಿದ್ದ. ರೈಲು ಸುರಂಗಕ್ಕೆ ನುಗ್ಗಿತು, ಕಗ್ಗತ್ತಲೆ. ಆ ಕತ್ತಲಲ್ಲೇ ದಾರ ಪೋಣಿಸಿ, ಪ್ಯಾಂಟು ಹೊಲಿದು, ಇಸ್ತ್ರಿಗೆ ಬದಲು ಅದನ್ನ ಪಕ್ಕದಲ್ಲಿದ್ದ ಅವನ ಸೋದರಮಾವನ ಕೆಳಗೆ ಇಟ್ಟು ಕೂರಿಸಿದೆ. ಸುರಂಗ ದಾಟೋಷ್ಟರಲ್ಲಿ ಗೆರೆ ನಿಂತಿತ್ತು. ಯಾಕೆ ನಗ್ತೀರಿ? ಬೇಕಾದ್ರೆ ಆ ಮಾವನನ್ನೇ ಕೇಳಿ. ಸತ್ತುಹೋದ ಪಾಪ, ಇದ್ದಿದ್ರೆ ಹೇಳ್ತಿದ್ದ.

ಪೈಲ್ವಾನನ ಕೋಟಿನ ಕಥೆ ಹೇಳಿದ್ದೀನಾ? ಹೇಳಿದ್ದೀನಾ... ಸೀನಿದ್ದಕ್ಕೆ ಗೋಡೆ ಗಡಿಯಾರ ಬಿತ್ತು, ನಾನು ಹಾಕಿದ ಗುಂಡಿ ಬೀಳಲಿಲ್ಲ, ಅದು. ಸರಿ, ಬಿಡಿ.

ಹೌದು, ವಿಷಯಕ್ಕೆ ಬರ್ತೀನಿ. ನೋಡಿ, ಗಾಜಿನಾಚೆ ಬೆಂಚಿನ ಮೇಲೆ ಹೇಗೆ ಕೂತಿದ್ದಾನೆ. ಕೊರಳ ಗುಂಡಿ ಮೇಲೆ ಕೈ. ಅವನಮ್ಮ ಇದ್ದಾಗ ಬೆಳಿಗ್ಗೆ ಕೊರಳಿನವರೆಗೆ ಗುಂಡಿ ಹಾಕಿ, 'ಸಾಹೇಬರು ಹೊರಟರು' ಅಂತಿದ್ದಳು. ಆ ಮೇಲಿನ ಗುಂಡಿ ಇಲ್ಲದಿದ್ರೆ ಸಾಹೇಬ ಹೊಸ್ತಿಲು ದಾಟಲ್ಲ. ಮೂವತ್ತಾರು ತುಂಬಿತು, ಇವತ್ತಿಗೂ ಅದೇ.

ಆ ನೀಲಿ ಅಂಗಿನಾ? ದಿನಾ ಅದೇ ಅಲ್ಲಮ್ಮ, ಬಣ್ಣ ಒಂದೇ. ಅವನಿಗೆ ನೀಲಿ ಅಂದ್ರೆ ಪ್ರಾಣ. ಒಂದೇ ಥಾನು ಬಟ್ಟೆಯಲ್ಲಿ ಹನ್ನೆರಡು ಅಂಗಿ ಹೊಲಿದಿದ್ದೀನಿ. ಬೀರು ಬಾಗಿಲು ಹಾಕೋಕಾಗಲ್ಲ.

ಈ ದಾರಾನೂ ಸರಿಯಿಲ್ಲ ನೋಡಿ. ತುದಿ ಸೀಳ್ತಿದೆ. ಎಂಜಲು ಹಚ್ಚಿದ್ರೂ ನಿಲ್ಲಲ್ಲ.

ಹಲಗೆನಾ... ಗೊತ್ತು. ಬಟ್ಟೆಗೆ ಮೊಳೆ ಹೊಡೆದು ಗುಂಡಿ-ಕಾಜ ಇಟ್ಟಿದ್ದೀರಲ್ಲ, ಅಭ್ಯಾಸದ ಹಲಗೆ. ಅದರ ಮೇಲೆ ಒಂದು ಗುಂಡಿನೂ ಹಾಕಲ್ಲ ಅವನು. ಅವನದೇ ಅಂಗಿ ಕೊಟ್ಟು ಪರದೆ ಹಿಂದೆ ಕಳಿಸಿದ್ರೆ ಮಾತ್ರ ಅರ್ಧ ನಿಮಿಷದಲ್ಲಿ ಕೊರಳಿನವರೆಗೆ ಹಾಕ್ಕೊಂಡು ಬರ್ತಾನೆ. ಹಲಗೆ ಕಂಡ್ರೆ ಬೇಜಾರು ಅಂತ ನಾನು ಹೇಳಿದ್ದೆ. ನೀವೂ ಹೂಂ ಅಂದಿರಿ.

ಯಾಕೆ ಹಾಗೆ ನೋಡ್ತೀರಿ?

ಆಯ್ತು. ಹೇಳಿಬಿಡ್ತೀನಿ. ಸಾಹೇಬನ ಅಂಗಿಗೆ ಗುಂಡಿ ತೂರಿಸೋ ಕಾಜಾನೇ ಇಲ್ಲ, ತಾಯಿ. ಗುಂಡಿಗಳನ್ನ ಮೇಲೆ ಸುಮ್ಮನೆ ಹೊಲಿದಿದ್ದೀನಿ, ಅಲಂಕಾರಕ್ಕೆ. ಒಳಗಡೆ ಪಟ್ಟಿ. ಚಪ್ಪಲಿಗೆ ಹಾಕ್ತಾರಲ್ಲ, ಒತ್ತಿದ್ರೆ ಅಂಟಿಕೊಳ್ಳುತ್ತೆ, ಎಳೆದ್ರೆ ಚರ್ರನೆ ಬಿಡುತ್ತೆ, ಅದು. ಎದೆ ಮೇಲೆ ಕೈಯಿಟ್ಟು ಮೇಲಿಂದ ಕೆಳಗೆ ಸವರಿಕೊಂಡ್ರೆ ಮುಗೀತು. ಚರ್ ಸದ್ದು ಕೇಳಬಾರದು ಅಂತ ಪಟ್ಟಿಯನ್ನ ಚೂರು ಚೂರು ಮಾಡಿ ಹೊಲಿದೆ. ಐದು ಜನ ಓದಿದೋರ ಕಣ್ಣಿಗೆ ಬೀಳಲಿಲ್ಲ ನೋಡಿ ನನ್ನ ಕೆಲಸ.

ಜಂಭ ಅಲ್ಲಮ್ಮ... ಜಂಭವೇ, ಹೌದು. ಏನ್ಮಾಡ್ಲಿ. ಇವನು ಹುಟ್ಟಿದಾಗಿಂದ ಎಲ್ಲ ಡಾಕ್ಟರ ಬಾಯಲ್ಲೂ ಒಂದೇ ಮಾತು ಕೇಳಿದ್ದೀನಿ, ಬರಲ್ಲ. ಮಾತು ಬರಲ್ಲ, ಲೆಕ್ಕ ಬರಲ್ಲ, ರಸ್ತೆ ದಾಟೋಕೆ ಬರಲ್ಲ. ನನಗೆ ಓದೋಕೆ ಬರಲ್ಲ ಅಂದ್ರೆ ನಾನು ಪೈಲ್ವಾನನ ಕಥೆ ಹೇಳಿ ನಗಿಸ್ತೀನಿ. ಅವನು ಏನು ಹೇಳ್ತಾನೆ? ಅವತ್ತು ಮೊದಲ ಸಲ ಪರದೆ ಸರಿಸಿ ಹೊರಗೆ ಬಂದನಲ್ಲ, ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಕಾಲಿನ ಡಾಕ್ಟರಂತೂ ಎದ್ದು ನಿಂತೇ ತಟ್ಟಿದರು. ಸಾಹೇಬ ಸುತ್ತ ತಿರುಗಿ ನೋಡಿದ, ಯಾರಿಗೆ ತಟ್ತಿದ್ದಾರೆ ಅಂತ. ತನಗೇ ಅಂತ ಗೊತ್ತಾದಾಗ ಆ ಮುಖ ನೋಡಿದಿರಲ್ಲ? ಅಂಗಿ ಬಿಚ್ಚಿ ತೋರಿಸಿ, ಇದು ಮೋಸ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಆಮೇಲೆ ತಿಂಗಳು ತಿಂಗಳು, 'ಮನೇಲೂ ಹಾಕ್ಕೊಳ್ತಾನಾ?' ಅಂತ ಕೇಳ್ತಿದ್ರಿ. ನಾನು, 'ಓಹೋ, ನನಗೇ ಹಾಕಿಕೊಡ್ತಾನೆ' ಅಂತಿದ್ದೆ.

ಏನಂದ್ರಿ?

ಅದು ಮೋಸ ಅಲ್ವಾ... ನೀವೇ ಬೇರೆಯವರಿಗೆ ಅಂಥ ಪಟ್ಟಿ ಹಾಕಿಸಿಕೊಡ್ತೀರಾ? ಮೊದಲೇ ಹೇಳಬಾರದಿತ್ತಾ ತಾಯಿ. ಹಾಗಾದ್ರೆ ಇಷ್ಟು ದಿನ ನಾನು ಕಳ್ಳನ ಹಾಗೆ ಬಂದು ಹೋಗಿದ್ದು ದಂಡವಾಯ್ತಲ್ಲ.

ಹೂಂ. ಹಾಗೇ ಹೊಲಿದುಕೊಡ್ತಾ ಇರಿ, ಕ್ಲಾಸು ಯಾಕೆ ಬೇಕು ಅಂತೀರಿ. ಸರಿಯಾದ ಪ್ರಶ್ನೆ. ಹೊಲಿದುಕೊಡಬಹುದು. ಹೊಲಿಯೋಕೇನು, ಕೈ ಇದೆ, ಮಿಷನ್ ಇದೆ...

ಈ ಸೂಜಿ ಕಣ್ಣು ಮುಚ್ಚಿಹೋಗಿದೆ, ಮೇಡಮ್ಮ. ತುಕ್ಕು ಇರಬೇಕು. ಈಗಿನ ಸೂಜಿಗಳೇ ಹಾಗೆ.

ಇನ್ನೊಂದು ಸಲ ನೋಡ್ತೀನಿ.

ಬೈಯಿರಿ ಬೇಕಾದ್ರೆ. ನನ್ನ ಕೈಯನ್ನೇ ನೋಡ್ತಾ ಕೂತರೆ ಹೇಗೆ? ಸುರಂಗದಲ್ಲಿ ಪೋಣಿಸಿದವನು ನಾನು... ಗಡಿಯಾರ ಬೇರೆ ನೋಡಿದ್ರಿ. ಎಷ್ಟು ಹೊತ್ತಾಯ್ತು ನಾನು ಕೂತು?

ಕಾಣಲ್ಲ, ತಾಯಿ.

ಒಂದು ವರ್ಷವಾಯ್ತು. ನಿಮ್ಮ ಮುಖ ಕಾಣುತ್ತೆ, ಮೂಗು ಕಾಣಲ್ಲ. ದಿಟ್ಟಿಸಿದ ಜಾಗವೇ ಮಬ್ಬು, ಓರೆಗಣ್ಣಿಗೆ ಬಿದ್ದದ್ದು ಮಾತ್ರ ಕಾಣುತ್ತೆ. ಮಿಷನ್ ಮೇಲೆ ಹೊದಿಕೆ ಹೊದಿಸಿದ್ದೀನಿ. ಹನ್ನೆರಡು ಅಂಗಿ ಅಲ್ಲ. ಅದೊಂದೇ ಉಳಿದಿರೋದು. ಸಂಜೆ ಒಗೆದು ಫ್ಯಾನಿನ ಕೆಳಗೆ ಹರಡ್ತೀನಿ, ಬೆಳಿಗ್ಗೆ ಅದನ್ನೇ ಹಾಕಿಸ್ತೀನಿ. ಕಂಕುಳಲ್ಲಿ ಬಟ್ಟೆ ಜಾಳುಜಾಳಾಗಿದೆ, ಪಟ್ಟಿ ಅಂಟೋದೂ ಕಮ್ಮಿಯಾಗಿದೆ. ಮೊನ್ನೆ ಬಸ್ಸಲ್ಲಿ ಎದೆ ತೆರೆದುಕೊಂಡಿತು. ಎರಡೂ ಕೈಯಲ್ಲಿ ಮುಚ್ಚಿಕೊಂಡು ಇಳಿಯೋತನಕ ತಲೆ ಎತ್ತಲಿಲ್ಲ ಅವನು.

ಬೇರೆ ದರ್ಜಿ ಇದ್ದಾರೆ, ಗೊತ್ತು. ಅಂಗಡಿ ಮೆಟ್ಟಿಲತನಕ ಹೋಗಿ ವಾಪಸು ಬಂದೆ. ನನಗೆ ಕಾಣಲ್ಲ, ನೀನು ಹೊಲಿ ಅಂತ ಹೇಗೆ ಹೇಳ್ಲಿ? ಇವತ್ತು ನಿಮಗೆ ಹೇಳಿದ್ನಲ್ಲ, ಇನ್ನು ಆ ದರ್ಜಿಗೂ ಹೇಳ್ತೀನಿ. ಆದ್ರೆ ಅದು ನಾನಿರೋತನಕ. ಆಮೇಲೆ ಯಾರಾದ್ರೂ ಅವನನ್ನ ಇಟ್ಟುಕೊಂಡ್ರೆ, ಒಳಗೆ ಪಟ್ಟಿ ಹಾಕಿಸಬೇಕು ಅಂತ ಯಾರಿಗೆ ನೆನಪಿರುತ್ತೆ? ಎಲ್ಲರೂ ಹಾಕೋ ಅಂಗಿ ಕೊಡ್ತಾರೆ. ಅವನು ಅದನ್ನ ತೊಟ್ಟು, ಎದೆ ಸವರಿಕೊಂಡು, ಅಂಟಲಿಲ್ಲವಲ್ಲ ಅಂತ ಹೊಸ್ತಿಲ ಒಳಗೇ ನಿಂತಿರ್ತಾನೆ.

ಅದಕ್ಕೇ ಬಂದೆ. ಆ ಕಾಗದದಲ್ಲಿ ತಿದ್ದಿಬಿಡಿ. ಬರಲ್ಲ ಅಂತ ಬರೀರಿ. ಗುಂಡಿ ಹಾಕೋಕೆ ಬರಲ್ಲ, ಅಪ್ಪ ಸುಳ್ಳು ಹೇಳಿದ್ದ ಅಂತ ಬರೀರಿ, ಹೆಬ್ಬೆಟ್ಟು ಒತ್ತುತೀನಿ. ಅವನೆದುರಿಗೆ ಮಾತ್ರ ಓದಬೇಡಿ. ತನಗೆ ಬರುತ್ತೆ ಅಂತಲೇ ಅವನು ತಿಳಿದಿರೋದು.

ಬರೆದ್ರಾ?

ತಗೊಳ್ಳಿ ಸೂಜಿ. ದಾರ ಪೋಣಿಸಿಕೊಡಿ, ಸಾಕು. ಗುಂಡಿ ನಾನೇ ಹೊಲೀತೀನಿ.