ಊರ ಎಲ್ಲಾ ಮನೆಯ ಭಿಕ್ಷೆ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಟೀಚರ್ ಸುಧಾಮಣಿಯ ಕಿವಿ ಪಕ್ಕದ ಇಬ್ಬರ ಮಾತಿನಲ್ಲೇ ನೆಟ್ಟಿತ್ತು. ಭಿಕ್ಷೆಯ ಜೋಳಿಗೆ ಹಿಡಿದು ಬೆಂಚಿನ ಮೇಲೆ ಕೂತವರು ಜಮೀನ್ದಾರರ ಮನೆಯ ಮಲ್ಲಾಜಮ್ಮ. ಅಕ್ಕಿಚೀಲದೊಂದಿಗೆ ನೆಲದಲ್ಲಿ ಕೂತವರು ಅದೇ ಊರಿನ ದೊಡ್ಡಮಾದಮ್ಮ.

"ಮೊಮ್ಮಗ ಉಳುದ್ರೆ ಊರ ಎಲ್ಲಾ ಮನೇಲೂ ಭಿಕ್ಷ ಎತ್ತಿ ಮಾದಪ್ಪನ ಬೆಟ್ಟಕ್ಕೆ ಬತ್ತೀನಿ ಅಂತ ಅರ್ಕೆ ಒತ್ತಿದ್ದೆ. ಎತ್ತಾಯ್ತು ಕಣಮ್ಮಿ."

"ನಮ್ಮ ಕೇರಿಗೆ ಬರ್ನಿಲ್ವಲ್ಲ, ಅವ್ವಾ?"

"ಅದೂ ಸೇರ್ತದಾ?"

"ಊರು ಅಂದೋರು ನೀವೇ ಅಲ್ವಾ?"

ಮಲ್ಲಾಜಮ್ಮ ಜೋಳಿಗೆಯ ಬಾಯಿ ಬಿಚ್ಚಿದರು.

"ಚೀಲ್ದಲ್ಲಿ ಅಕ್ಕಿ ಅದಲ್ಲ, ಒಂದಿಡಿ ಇಲ್ಲೇ ಆಕ್ಬುಡು."

"ಇಲ್ಲಿ ಆಕುದ್ರೆ ಅದು ಬಸ್ ಸ್ಟ್ಯಾಂಡ್ ಭಿಕ್ಷ ಆಯ್ತದೆ. ನಮ್ಮನೇದು ನಮ್ಮ ಬಾಗ್ಲಲ್ಲೇ ಕಣವ್ವ."

ಚಾಮರಾಜನಗರದ ಬಸ್ಸು ಬಂದು, ಬೆಟ್ಟಕ್ಕೆ ಹೋಗುವ ಉಳಿದವರನ್ನೆಲ್ಲ ಹತ್ತಿಸಿಕೊಂಡು ಹೊರಟಿತು. ಅದು ಮರೆಯಾದ ಮೇಲೆ ಮಲ್ಲಾಜಮ್ಮ ಎದ್ದರು.

"ನಡಿ, ಊರಿಗೆ ಹೋಗನ. ಬೆಟ್ಟ ನಾಳೀಕೆ. ನಿಮ್ಮನೆ ಯಾವ ಕಡೆ ಅಂತ್ಲೂ ನಂಗೆ ಗೊತ್ತಿಲ್ಲ ಕಣಮ್ಮಿ."

"ನಿಮ್ಮ ಯಜಮಾನ್ರಿಗೆ ಗೊತ್ತು ಬುಡಿ," ಎಂದು ಚೀಲ ತಲೆಗೇರಿಸಿದ ದೊಡ್ಡಮಾದಮ್ಮ ಮುಂದೆ ನಡೆದರು. "ಪಂಚಾಯ್ತಿ ಓಟು ಕೇಳಕ್ಕೆ ನಮ್ಮ ಬಾಗ್ಲಿಗೇ ಬಂದಿದ್ರು."