ಹಕ್ಕಿ ಮುಂದೆ ದನಗಳ ಹಿಂಡು

ದನ ಮೇಯಿಸುವ ದೊಡ್ಡ ಹುಲ್ಲುಗಾವಲಿನಲ್ಲಿ ದನ ಸಾಕಿದ ಮನೆಯೊಂದರ ಸೊಸೆ ಪೊದೆಯ ಹಿಂದೆ ಬೋರಲಾಗಿ ಮಲಗಿದ್ದಳು. ಎದುರಿಗೇ, ಸ್ವಲ್ಪ ದೂರದಲ್ಲಿ, ಟಿಟ್ಟಿಭ ಹಕ್ಕಿಯೊಂದು ಕಾವಿಗೆ ಕೂತಿತ್ತು. ಅಷ್ಟರಲ್ಲಿ ಅವಳ ಫೋನು ಗುರ್ರೆಂದಿತು.

"ಹಲೋ... ಯಾರದು? ಗಟ್ಟಿಯಾಗಿ ಮಾತಾಡಕ್ಕಾಗಲ್ಲ, ಯಾರು ಹೇಳಿ?"

...

"ಓ, ನೀನಾ! 'ನಾನು, ನಿನ್ ನಾದಿನಿ' ಅಂತ ಹೇಳ್ಬಾರ್ದಾ? ಕೊಟ್ಟಿಗೆ ಫೋನಿಂದ ಮಾಡಿದ್ರೆ ನಂಗೇನು ಗೊತ್ತು... ನಾನಾ? ಮಲಗಿದೀನಿ... ಛೇ, ಹುಷಾರಾಗೇ ಇದೀನಿ ಕಣೇ! ಹಕ್ಕಿ ನೋಡ್ತಿದೀನಿ. ಮುಟ್ಟಿದರೆ ಮುನಿ ಮುಳ್ಳು ಮೊಣಕೈಗೆಲ್ಲಾ ಚುಚ್ಚಿದೆ, ಅಷ್ಟೆ."

...

"ನಗು, ನಗು. ನಿಮ್ಮಣ್ಣನೂ ಹೀಗೇ ನಗ್ತಿದ್ರು. ನಿನ್ನೆ ಬಂದು ಗೂಡೆಲ್ಲಿ ಅಂತ ಕೇಳಿದ್ರು. ಗೂಡೂ ಇಲ್ಲ, ಗೀಡೂ ಇಲ್ಲ, ಬರೀ ನೆಲದ ಮೇಲೆ ಮೊಟ್ಟೆ. ಮೊಟ್ಟೆ ಹತ್ರ ಬರದ ಹಾಗೆ ಗಂಡುಹಕ್ಕಿ ರೆಕ್ಕೆ ಮುರಿದಿರೋ ಥರ ಕುಂಟಿ ನಾಟಕ ಮಾಡ್ತು. ನಿಮ್ಮಣ್ಣ ಅಯ್ಯೋ ಪಾಪ ಅಂತ ಟವೆಲ್ ಹಿಡ್ಕೊಂಡು ಬೇಲಿವರೆಗೂ ಅದರ ಹಿಂದೇನೇ ಹೋದ್ರು! ಅಲ್ಲಿ ಪುರ್ರ್ ಅಂತ ಹಾರೋಯ್ತು..."

...

"ಏನು? ನಿಮ್ಮಣ್ಣ ದನ ಹೊಡ್ಕೊಂಡು ಹೊರಟ್ರಾ? ಯಾವ ಗೇಟು?... ಕೆರೆ ಕಡೇದಾ? ಅಯ್ಯೋ, ನಾನಿರೋದೇ ಇಲ್ಲಿ! ಮೊಟ್ಟೆ ಬೇರೆ ಬಿರುಕು ಬಿಟ್ಟಿದೆ, ಮರಿ ಬರೋ ಹೊತ್ತು. ಅವರಿಗೆ ಫೋನ್ ಮಾಡು!... ಫೋನು ಕಿಟಕೀಲೇ ಬಿಟ್ಟು ಹೋಗಿದಾರಾ? ಕರ್ಮ!"

ಧೂಳು ಎದ್ದಿತ್ತು. ಹಿಂಡಿನ ಮುಂದೆ, ಮನೆಯವರೆಲ್ಲ ಯಜಮಾನ್ತಿ ಎಂದು ಕರೆಯುವ ಕೆಂದ ಹಸು ತಲೆ ತೂಗುತ್ತಾ ನೇರ ಹಕ್ಕಿಯ ಕಡೆಗೇ ನಡೆದು ಬರುತ್ತಿತ್ತು.

"ಬಂದೇಬಿಟ್ವು ಕಣೇ. ನಾನೇ ಎದ್ದು ಅಡ್ಡ ನಿಲ್ಲಲಾ?... ತಾಳು, ತಾಳು! ಹಕ್ಕಿ ಎದ್ದು ನಿಂತ್ಲು. ಹಾರ್ಲಿಲ್ಲ! ರೆಕ್ಕೆ ಅಗಲಿಸ್ಕೊಂಡು ಯಜಮಾನ್ತಿ ಮೂತಿಗೇ ಬೈತಿದಾಳೆ. ಕೇಳಿಸ್ತಾ?... ಥೇಟ್ ನಮ್ಮತ್ತೆ ಧ್ವನಿ, ಅಲ್ವಾ?... ಏ, ತಮಾಷೆಗಂದೆ, ನಿಮ್ಮಮ್ಮಂಗೆ ಹೇಳ್ಬೇಡ್ವೇ!"

...

"ಹಾಂ... ಹಸು ನಿಂತಿದೆ. ಮೂಸ್ತಿದೆ... ಹಕ್ಕಿ ಅದರ ಮೂಗಿಗೇ ಕುಕ್ಕಿದ್ಲು! ಪಕ್ಕಕ್ಕೆ ಸರೀತು ಕಣೇ, ಸರೀತು! ಮಿಕ್ಕಿದ್ದೆಲ್ಲಾ ಅದರ ಹಿಂದೇನೇ ಸುತ್ತು ಹಾಕ್ಕೊಂಡು ಹೋಗ್ತಿವೆ... ಅಳ್ತಾ ಇಲ್ಲ, ಕಣ್ಣಿಗೆ ಧೂಳು ಬಿತ್ತು."

ಹೆಂಡತಿ ನೆಲದ ಮೇಲೆ ಬಿದ್ದಿರುವುದನ್ನು ಕಂಡು, ಹಿಂಡಿನ ಹಿಂದೆ ಬರುತ್ತಿದ್ದ ಗಂಡ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದ.

"ರೀ, ನಿಲ್ಲಿ! ನಂಗೇನೂ ಆಗಿಲ್ಲ! ಕಾಲ ಕೆಳಗೆ ನೋಡಿ... ಅಲ್ಲಿ, ಅದರ ರೆಕ್ಕೆ ಪಕ್ಕ. ಮರಿ ಕಣ್ರೀ, ಮರಿ! ಮಲಗಿ, ಮಲಗಿ ಅಂದೆ. ಶರ್ಟ್ ಒಗೆದ್ರಾಯ್ತು."

...

"ಹಲೋ, ಇದೀಯಾ? ನಿಮ್ಮಣ್ಣ ಮಲಗಿದ್ರು ಕಣೇ! ಉಸಿರೂ ಬಿಡ್ತಿಲ್ಲ... ಏನು? ಕೊಟ್ಟಿಗೆ ತೊಳೆಯೋದು ಯಾರಾ? ತಾಳು, ಕೇಳ್ತೀನಿ... ಶ್, ಮರಿ ಬೆದರುತ್ತೆ, ಬಾಯ್ಮುಚ್ಚು ಅಂತಾರೆ! ನಂಗೇ! ಏನ್ರೀ, ಇಷ್ಟು ದಿನ ನಗ್ತಿದ್ದೋರು ನೀವೇ... ಏಯ್, ಫೋನ್ ಯಾಕ್ ಕಿತ್ಕೋ..."